ನಾಲ್ಕನೇ ಕುರ್ಚಿ

ಇನ್ನು ಯಾವತ್ತೂ ಹೆಣದ ಪಾತ್ರ ಮಾಡುವುದಿಲ್ಲ ಎಂದು ನೀಲಗಂಗಾ ಮಗಳಿಗೆ ಮಾತು ಕೊಟ್ಟಾಗ ಮಗಳಿಗೆ ನಾಲ್ಕು ವರ್ಷ. ಕೊಟ್ಟದ್ದು ಅಡುಗೆಮನೆಯಲ್ಲಿ, ಕೈತುಂಬ ರೊಟ್ಟಿ ಹಿಟ್ಟು ಮೆತ್ತಿಕೊಂಡು, ಈ ಅಳು ಒಮ್ಮೆ ನಿಂತರೆ ಸಾಕಪ್ಪ ಎನ್ನುವ ದಣಿವಿನಲ್ಲಿ. ದಣಿದಾಗ ಕೊಟ್ಟ ಮಾತು ಎಂದು ಮಕ್ಕಳು ಅದರಲ್ಲಿ ರಿಯಾಯಿತಿ ಕೊಡುವುದಿಲ್ಲ.

ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುವವರಿಗೆ ಹೆಣದ ಕೆಲಸ ಆಗಾಗ ಬರುತ್ತದೆ. ಮಾತು ಬಾಯಿಪಾಠ ಮಾಡಬೇಕಿಲ್ಲ, ಉಸಿರು ಹಿಡಿಯಲು ಬಂದರೆ ಸಾಕು. ನೀಲಗಂಗಾಳಿಗೆ ಅದು ಚೆನ್ನಾಗಿ ಬರುತ್ತಿತ್ತು. ಅಜ್ಜಿಯ ಕಾಲದಿಂದ ನಾಟಕ ಕಂಪನಿಯಲ್ಲಿ ಬೆಳೆದ ಮನೆತನ. ಸಾಯುವುದನ್ನು ಕೂಡ ಅವರ ಮನೆಯಲ್ಲಿ ಕಲಿಸುತ್ತಿದ್ದರು. ಆದರೆ ಆ ಸಲ ಅವಳು ಶೂಟಿಂಗಿಗೆ ಹೋಗಿದ್ದಾಗ, ಪಕ್ಕದ ಮನೆಯ ಟೀವಿಯಲ್ಲಿ ಇಂಚರ ತನ್ನ ತಾಯಿ ಚಟ್ಟದ ಮೇಲೆ ಮಲಗಿದ್ದನ್ನು ನೋಡಿಬಿಟ್ಟಳು. ಮೂಗಿನಲ್ಲಿ ಹತ್ತಿ, ಹಣೆಗೆ ವಿಭೂತಿ. ಮೂರು ದಿನ ಆ ಕೂಸು ತಾಯಿ ಮಲಗಿದಾಗೆಲ್ಲ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿತ್ತು.

ಸೆಟ್ಟಿನಲ್ಲಿ ಒಂದು ರೂಢಿಯಿದೆ. ಹೆಣವಾದವರು ಶಾಟ್ ಮುಗಿದ ಕೂಡಲೇ ಎದ್ದು ಕೂತು, ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಆ ನಗು ಯಾವ ಎಪಿಸೋಡಿಗೂ ಹೋಗುವುದಿಲ್ಲ, ಆದರೆ ಅದನ್ನು ತೆಗೆಯದೆ ಪ್ಯಾಕಪ್ ಹೇಳುವ ಧೈರ್ಯ ಯಾವ ನಿರ್ದೇಶಕನಿಗೂ ಇಲ್ಲ. ಮೇಕಪ್ಪಿನ ಪರಪ್ಪ ಕಾಕಾ ಆ ತುಣುಕನ್ನು ಫೋನಿಗೆ ಕಳಿಸಿದ. ಇಂಚರ ಅದನ್ನು ಏಳೆಂಟು ಸಲ ನೋಡಿದಳು. ನೋಡಿ, "ನಗೋದಕ್ಕಿಂತ ಮೊದಲು ಸತ್ತಿದ್ದಿ ಹೌದಲ್ಲ?" ಎಂದು ಕೇಳಿ ಮತ್ತೆ ಅಳಲು ಹತ್ತಿದಳು. ಆಗ ಕೊಟ್ಟ ಮಾತು ಅದು.

ಈಗ ಇಂಚರಳಿಗೆ ಹತ್ತು. ಈ ಆರು ವರ್ಷಗಳಲ್ಲಿ ನೀಲಗಂಗಾ ನರ್ಸ್ ಆದಳು, ಸರಗಳ್ಳಿಯಾದಳು, ಮದುವೆ ಮನೆಯ ಹೆಂಗಸರ ಗುಂಪಿನಲ್ಲಿ ಎಡದಿಂದ ಮೂರನೆಯವಳಾದಳು. ಹೆಣ ಮಾತ್ರ ಆಗಲಿಲ್ಲ. ಎರಡು ಸಲ ಕೇಳಿದ್ದರು, ಎರಡು ಸಲವೂ ಒಲ್ಲೆ ಎಂದಳು. ಗಂಡ ಬೆಳಗಾವಿಯಲ್ಲಿ ಬೇರೆ ಸಂಸಾರ ಹೂಡಿದ್ದ. ಹುಬ್ಬಳ್ಳಿಯ ಆ ಎರಡು ಕೋಣೆಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಒಬ್ಬಳಿಗೆ ಏನಾದರೂ ಆದರೆ ಇನ್ನೊಬ್ಬಳಿಗೆ ಯಾರೂ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ.

ಮೂರು ವರ್ಷದಿಂದ ಅವಳು 'ಏಳನೇ ಕಕ್ಷೆ' ಎಂಬ ವೈಜ್ಞಾನಿಕ ಧಾರಾವಾಹಿಯಲ್ಲಿದ್ದಳು. ಆಕಾಶದಲ್ಲಿ ಸುತ್ತುವ ಒಂದು ಊರು, ಅದನ್ನು ಭೂಮಿಯಿಂದ ಕಾಯುವ ಒಂದು ನಿಯಂತ್ರಣ ಕೋಣೆ. ಆ ಕೋಣೆಯಲ್ಲಿ ನಾಲ್ಕು ಕುರ್ಚಿ. ನಾಲ್ಕನೇ ಕುರ್ಚಿಯಲ್ಲಿ ಕೂರುವ ಭರಣಿ ಎಂಬ ಆಪರೇಟರ್ ಪಾತ್ರ ನೀಲಗಂಗಾಳದು. ನಾನೂರು ಎಪಿಸೋಡುಗಳಲ್ಲಿ ಅವಳಿಗಿದ್ದದ್ದು ಒಂದೇ ಮಾತು: "ಸಂಪರ್ಕ ಕಡಿತವಾಗಿದೆ, ಸರ್." ನಾಯಕ ಹುಬ್ಬು ಗಂಟಿಕ್ಕುತ್ತಿದ್ದ, ಸಂಗೀತ ಏರುತ್ತಿತ್ತು, ಜಾಹೀರಾತು ಬರುತ್ತಿತ್ತು. ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿ ಅವಳನ್ನು ಕಂಡರೆ, ಇವತ್ತಾದರೂ ಸಂಪರ್ಕ ಸಿಕ್ತೋ ಇಲ್ಲೋ ಎಂದು ಕಾಡಿಸುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ನಾನೂರರಲ್ಲಿ ಅವಳು ಸ್ವತಃ ಕೂತದ್ದು ನೂರು ಇದ್ದೀತು. ಉಳಿದದ್ದನ್ನು ಅವಳ ಅಚ್ಚು ಮಾಡುತ್ತಿತ್ತು. ಸಣ್ಣ ಪಾತ್ರದವರು ತಿಂಗಳಿಗೆ ಮೂರು ದಿನ ಬರುತ್ತಿದ್ದರು. ಬಂದಾಗ ಉಡುಪಿನ ಒಳಗೆ ಕೂದಲಿನಷ್ಟು ಸಣ್ಣ ತಂತಿ ನೇಯ್ದ ಒಂದು ಅಂಗಿ, ತಲೆಗೆ ಅಂಥದೇ ಒಂದು ಬಿಗಿ ಟೊಪ್ಪಿಗೆ ಹಾಕಿಕೊಳ್ಳಬೇಕು. ನಾಡಿ ಹೇಗೆ ಹೊಡೆಯುತ್ತದೆ, ಚರ್ಮದ ಕೆಳಗೆ ರಕ್ತ ಎಲ್ಲಿ ಎಷ್ಟು ರಭಸದಿಂದ ಹರಿಯುತ್ತದೆ, ದಣಿದಾಗ ಯಾವ ಭುಜ ಮೊದಲು ಜಗ್ಗುತ್ತದೆ, ಎಲ್ಲವನ್ನೂ ಅದು ಬರೆದುಕೊಳ್ಳುತ್ತಿತ್ತು. ಆ ದಾಖಲೆಯಿಂದ ಸ್ಟುಡಿಯೋದ ಯಂತ್ರ ಒಂದು ದೇಹ ಕಟ್ಟುತ್ತಿತ್ತು; ಅದೇ ಅಚ್ಚು. ಬರೀ ಚಿತ್ರವಲ್ಲ, ಬೆವರುವ, ಆಕಳಿಸುವ, ಸೋಲುವ ದೇಹ. ಅದಕ್ಕೇ ನೋಡುವವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಯಂತ್ರಕ್ಕೆ ಕಂಪನಿಯವರು ಸೂತ್ರಧಾರ ಎಂದು ಹೆಸರಿಟ್ಟಿದ್ದರು.

ಎಲ್ಲ ಧಾರಾವಾಹಿಗಳಂತೆ ಇದಕ್ಕೂ ಒಂದು ದಿನ 'ಹತ್ತು ವರ್ಷಗಳ ನಂತರ' ಬಂತು. ಕಥೆ ಜಗ್ಗಿದಾಗ ಜಿಗಿಸುವುದು ಈ ದಂಧೆಯ ಹಳೇ ಮದ್ದು. ಮೊದಲಾದರೆ ನಾಯಕನ ಕಿವಿಯ ಹತ್ತಿರ ಬಿಳಿ ಬಣ್ಣ ಸವರಿ, ನಾಯಕಿಗೆ ಕನ್ನಡಕ ಹಾಕಿ ಮುಗಿಸುತ್ತಿದ್ದರು. ಈಗ ಎಲ್ಲರ ಅಚ್ಚನ್ನೂ ಸೂತ್ರಧಾರನೇ ಹತ್ತು ವರ್ಷ ಮುಂದಕ್ಕೆ ಓಡಿಸಿದ. ಕೀಲು ಸವೆಯುವುದು, ನರ ಬಿರುಸಾಗುವುದು, ಎಲ್ಲ ಆ ದೇಹದ ಲೆಕ್ಕದಲ್ಲೇ.

ಸಂಜೆ ಆರೂವರೆಗೆ ಎಪಿಸೋಡ್ ಶುರುವಾಯಿತು. ನೀಲಗಂಗಾ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹತ್ತು ವರ್ಷ ಆದಮೇಲಿನ ತನ್ನ ಮುಖ ನೋಡುವ ಕುತೂಹಲ ಅವಳಿಗೂ ಇತ್ತು. ನಿಯಂತ್ರಣ ಕೋಣೆ ಬಂತು. ಮೊದಲ ಕುರ್ಚಿಯವನ ತಲೆ ಬೋಳಾಗಿತ್ತು. ಎರಡನೆಯವನಿಗೆ ಹೊಟ್ಟೆ. ಮೂರನೆಯವಳು ಕತ್ತು ಮುಂದೆ ಚಾಚಿ ಪರದೆ ನೋಡುತ್ತಿದ್ದಳು. ನಾಲ್ಕನೇ ಕುರ್ಚಿ ಖಾಲಿ.

"ಅವ್ವಾ," ಎಂದಳು ಇಂಚರ. ದನಿ ಸಣ್ಣದಾಗಿತ್ತು. "ಗ್ವಾಡಿ ನೋಡ."

ನಾಯಕನ ಹಿಂದೆ, ಗೋಡೆಯ ಮೇಲೆ, ಭರಣಿಯ ಫೋಟೋ ಇತ್ತು. ಫೋಟೋಕ್ಕೆ ಹಾರ ಹಾಕಿತ್ತು. ಕೆಳಗೆ ಒಂದು ಸಣ್ಣ ದೀಪ.

ನೀಲಗಂಗಾ ಟೀವಿ ಆರಿಸಿದಳು. ತಾನು ಇಂಥದ್ದೇನೂ ಮಾಡಿಲ್ಲ, ಅವರೇ ಕೇಳದೆ ಹಾಕಿದ್ದಾರೆ, ನಾಳೆ ಹೋಗಿ ಜಗಳ ಮಾಡುತ್ತೇನೆ ಎಂದು ಹೇಳಿದಳು. ಇಂಚರ ಆರಿದ ಟೀವಿಯನ್ನೇ ನೋಡುತ್ತಿದ್ದಳು.

"ನೀ ಸಾಯಾಕ ಒಪ್ಪಿದ್ದಿ?"

"ಇಲ್ಲವಾ."

"ಮತ್ತ ಯಾರು ಒಪ್ಪಿದ್ರು?"

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಇಬ್ಬರು ಗುರುತು ಹಿಡಿದು, ಏನವಾ ಸತ್ತೂ ಅಡ್ಡಾಡಾಕತ್ತಿ ಎಂದು ನಕ್ಕರು. ಅವಳೂ ನಕ್ಕಳು. ಸ್ಟುಡಿಯೋ ಊರ ಹೊರಗಿನ ಹಳೆಯ ಹತ್ತಿ ಗಿರಣಿಯಲ್ಲಿತ್ತು. ಒಳಗೆ ಹೋಗುವಾಗ ಕೂಡ ಅವಳಲ್ಲಿದ್ದದ್ದು ಸಿಟ್ಟು ಮಾತ್ರ, ಅಂಜಿಕೆ ಇನ್ನೂ ಬಂದಿರಲಿಲ್ಲ.

ನಿರ್ದೇಶಕ ರಾಘೋತ್ತಮ ದೇಸಾಯಿ ಫೋಟೋ ಇತ್ತೆಂಬುದನ್ನೇ ಗಮನಿಸಿರಲಿಲ್ಲ. ಮುಖ್ಯ ಪಾತ್ರಗಳ ಅಚ್ಚನ್ನು ಒಂದೊಂದಾಗಿ ನೋಡಿ ಪಾಸು ಮಾಡಿದ್ದರು, ಹಿಂದೆ ಕೂರುವವರನ್ನು ಸೂತ್ರಧಾರ ತಾನೇ ತುಂಬಿಕೊಂಡಿದ್ದ. ಅವರು ದೃಶ್ಯವನ್ನು ಮತ್ತೊಮ್ಮೆ ನೋಡಿ, ಬರೋಬ್ಬರಿ ಅದ ಅಲ್ರೀ, ಗೋಡೆ ಖಾಲಿ ಖಾಲಿ ಅನಸ್ತಿತ್ತು ಎಂದರು. ಬೇಕಾದರೆ ಮುಂದಿನ ವಾರ ತೆಗೆಸೋಣ ಎಂದು ಅವಳನ್ನು ಯಂತ್ರದ ಕೋಣೆಗೆ ಕಳಿಸಿದರು.

ಯಂತ್ರದ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಜಬೀನ್ ನದಾಫ್. ಮೂವತ್ತರ ಹೆಣ್ಣುಮಗಳು, ಸದಾ ಶಾಲು ಹೊದ್ದಿರುತ್ತಿದ್ದಳು, ಒಳಗೆ ಅಷ್ಟು ಥಂಡಿ. ನೀಲಗಂಗಾ ಬರುವ ಹೊತ್ತಿಗೆ ಅವಳೇ ಅದನ್ನು ಹುಡುಕುತ್ತ ಕೂತಿದ್ದಳು. ಎಪಿಸೋಡ್ ನೋಡಿ ಅವಳಿಗೂ ಸಂಶಯ ಬಂದಿತ್ತು.

"ನೀಲಕ್ಕ, ಬಾಗಿಲಾ ಹಾಕ್ಕೊಂಡು ಬರ್ರಿ."

ಅವಳು ತೋರಿಸಿದಳು. ನಾಲ್ಕನೇ ಕುರ್ಚಿಯಲ್ಲಿ ಭರಣಿಯನ್ನು ಕೂರಿಸು ಎಂದು ಬೆಳಿಗ್ಗೆಯಿಂದ ಆರು ಸಲ ಸೂತ್ರಧಾರನಿಗೆ ಹೇಳಿದ್ದಳು. ಆರು ಸಲವೂ ಖಾಲಿ ಕುರ್ಚಿ ಬಂತು. ಆರು ಸಲವೂ ಫೋಟೋ ಬಂತು. ಸಾವಿರಾರು ಧಾರಾವಾಹಿ ನೋಡಿ ಕಲಿತ ಯಂತ್ರ ಅದು. ಇರಬೇಕಾದ ಮನುಷ್ಯ ಇಲ್ಲ ಎಂದರೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇರಬೇಕು ಎನ್ನುವುದಷ್ಟೇ ಅದಕ್ಕೆ ಗೊತ್ತು. ಫೋಟೋ ಅಲಂಕಾರ ಆಗಿರಲಿಲ್ಲ. ಹತ್ತು ವರ್ಷ ಮುಂದೆ ಆ ದೇಹ ಅದಕ್ಕೆ ಸಿಕ್ಕಿರಲಿಲ್ಲ, ಅಷ್ಟೇ.

ಆಮೇಲೆ ಜಬೀನ್ ಒಂದೊಂದೇ ವರ್ಷ ಓಡಿಸಿ ನೋಡಿದ್ದಳು. ಒಂದನೇ ವರ್ಷ, ಭರಣಿ ಕೂತಿದ್ದಾಳೆ. ಎರಡನೇ ವರ್ಷ, ಕೂತಿದ್ದಾಳೆ, ಸ್ವಲ್ಪ ಇಳಿದಿದ್ದಾಳೆ. ಮೂರನೇ ವರ್ಷ, ಕುರ್ಚಿ ಖಾಲಿ.

ನೀಲಗಂಗಾ ಎಷ್ಟೋ ಹೊತ್ತು ಪರದೆ ನೋಡಿದಳು. ದಾಖಲೆ ಕಡಿಮೆ ಬಿದ್ದಿರಬೇಕು ಎಂದಳು. ಉಳಿದ ಮೂವರದ್ದೂ ಅಷ್ಟೇ ಇದೆ ಎಂದಳು ಜಬೀನ್. ಇದು ಟೀವಿಯ ಯಂತ್ರ, ಡಾಕ್ಟರಲ್ಲ ಎಂದಳು ನೀಲಗಂಗಾ. ಜಬೀನ್ ಹೌದೆಂದಳು. ಹೌದೆಂದು, ನಾಯಕಿಯ ಅಪ್ಪನ ಪಾತ್ರ ಮಾಡುವವರ ಮಾತು ತೆಗೆದಳು. ಹೋದ ವರ್ಷ ಸೂತ್ರಧಾರ ಅವರನ್ನು ಕುಂಟಿಸಿದ್ದ. ತಪ್ಪು ಎಂದು ಎಲ್ಲರೂ ಜಬೀನ್‌ಳನ್ನು ಬೈದು ತಿದ್ದಿಸಿದ್ದರು. ನಾಲ್ಕು ತಿಂಗಳಿಗೆ ಆ ಹಿರಿಯರ ಎಡಮೊಣಕಾಲು ಆಪರೇಷನ್ ಆಯಿತು. ಕುಂಟಿದ್ದೂ ಎಡಗಾಲೇ.

ಆ ಥಂಡಿ ಕೋಣೆಯಲ್ಲಿ ನೀಲಗಂಗಾಳಿಗೆ ಮೊದಲ ಸಲ ಅಂಜಿಕೆ ಹತ್ತಿತು. ಮೂರನೇ ವರ್ಷ ಎಂದರೆ ಇಂಚರಳಿಗೆ ಹದಿಮೂರೂ ತುಂಬಿರುವುದಿಲ್ಲ.

ಮುಂದಿನ ದಿನಗಳಲ್ಲಿ ಅವಳು ಎಂದಿನಂತೆ ಡಬ್ಬಿ ಕಟ್ಟಿದಳು, ಸಮವಸ್ತ್ರ ಒಗೆದಳು, ಗಣಿತದ ಪುಸ್ತಕಕ್ಕೆ ರಟ್ಟು ಹಾಕಿಕೊಟ್ಟಳು. ಆದರೆ ಮೆಟ್ಟಿಲು ಹತ್ತಿ ಏದುಸಿರು ಬಂದರೆ ಇದೇ ಇರಬಹುದೇ ಎನಿಸುತ್ತಿತ್ತು. ಎಡಗೈ ಜೋಮು ಹಿಡಿದರೆ ಇದೇ ಇರಬಹುದೇ. ಹೊಟ್ಟೆಯಲ್ಲಿ ಗ್ಯಾಸ್ ಓಡಾಡಿದರೂ ರೊಟ್ಟಿ ಬಡಿಯುವ ಕೈ ನಿಂತು, ಅವಳು ಒಳಗೆ ಕಿವಿಗೊಟ್ಟು ಕೇಳುತ್ತಿದ್ದಳು. ತನ್ನದೇ ದೇಹ ಬಾಡಿಗೆ ಮನೆಯ ಹಾಗಾಗಿತ್ತು. ಎಲ್ಲೋ ಏನೋ ಸೋರುತ್ತಿದೆ, ಮಾಲೀಕನಿಗೆ ಗೊತ್ತಿದೆ, ಇರುವವರಿಗೆ ಹೇಳುತ್ತಿಲ್ಲ. ಇಂಚರ ಏನನ್ನೂ ಕೇಳುತ್ತಿರಲಿಲ್ಲ. ಆದರೆ ಒಂದು ಬೆಳಗಿನ ಜಾವ ನೀಲಗಂಗಾ ಎಚ್ಚರವಾದಾಗ ಅವಳ ಮೂಗಿನ ಕೆಳಗೆ ಒಂದು ಬೆರಳಿತ್ತು.

ಅವಳು ಆಸ್ಪತ್ರೆಗೆ ಹೋದಳು. ರಕ್ತ, ಇಸಿಜಿ, ಎದೆಯ ಎಕ್ಸ್‌ರೇ. ಡಾಕ್ಟರ್ ಹೊಸಮನಿ ಎಲ್ಲ ಕಾಗದ ನೋಡಿ ಏನೂ ಇಲ್ಲವೆಂದರು. ಇನ್ನೂ ಹುಡುಕಿ ಎಂದಳು. ಏನು ತ್ರಾಸು ಎಂದು ಕೇಳಿದರು. ಯಾವ ತ್ರಾಸೂ ಇಲ್ಲ ಎಂದಳು.

"ಊರೆಲ್ಲಾ ಹುಡುಕ್ರಿ ಅಂದ್ರ ಕಳ್ಳ ಸಿಗಂಗಿಲ್ಲ ತಾಯಿ. ಯಾವ ಓಣಿ ಅಂತನರ ಹೇಳ್ರಿ."

ಓಣಿ ಗೊತ್ತಿದ್ದದ್ದು ಸೂತ್ರಧಾರನಿಗೆ. ಜಬೀನ್ ಇನ್ನೊಂದು ಸಂಗತಿ ಹೇಳಿದಳು: ಅಂಗಿ ಬರೆದುಕೊಂಡ ದಾಖಲೆ ಕಂಪನಿಯ ಸೊತ್ತು. ಸಹಿ ಮಾಡಿದ ಕರಾರಿನಲ್ಲೇ ಅದು ಇದೆ, ಯಾರೂ ಓದಿರುವುದಿಲ್ಲ. ಹೊರಗೆ ಕೊಟ್ಟರೆ ತನ್ನ ನೌಕರಿ ಹೋಗುತ್ತದೆ. ಕೊಟ್ಟರೂ ಪ್ರಯೋಜನವಿಲ್ಲ, ಅದು ಯಂತ್ರಕ್ಕಷ್ಟೇ ತಿಳಿಯುವ ಅಂಕಿ. ಸಣ್ಣ ಪಾತ್ರವನ್ನು ಅದು ವರ್ಷವರ್ಷಕ್ಕೆ ಹಾರಿಸಿಕೊಂಡು ನೋಡುತ್ತದೆ. ನಡುವೆ ಏನಾಯಿತೆಂದು ನೋಡುವುದಿಲ್ಲ. ಕ್ಷಣಕ್ಷಣವಾಗಿ ನೋಡಬೇಕಾದರೆ ಆ ಪಾತ್ರದ ಮೇಲೆ ಒಂದು ಕ್ಲೋಸಪ್ ದೃಶ್ಯ ಇರಬೇಕು. ದೃಶ್ಯಕ್ಕೆ ಎಪಿಸೋಡಿನಲ್ಲಿ ನಂಬರ್ ಬೀಳಬೇಕು. ನಂಬರ್ ಇಲ್ಲದೆ ಸೂತ್ರಧಾರ ಓಡುವುದಿಲ್ಲ.

"ಅಂದ್ರ?" ಎಂದಳು ನೀಲಗಂಗಾ. ಅಷ್ಟರಲ್ಲಿ ಅವಳಿಗೆ ತಿಳಿದಿತ್ತು.

ಭರಣಿ ಹೇಗೆ ಸತ್ತಳು ಎಂದು ತೋರಿಸುವ ದೃಶ್ಯ ಬೇಕು. ಅದನ್ನು ಪ್ರಸಾರಕ್ಕೆಂದೇ ಮಾಡಬೇಕು. ಅಷ್ಟೇ ಅಲ್ಲ, ಕ್ಲೋಸಪ್ ಎಂದರೆ ಕೊನೆಯ ಭಂಗಿಯ ಅಳತೆಯನ್ನು ನಿಜವಾದ ದೇಹದಿಂದ ತೆಗೆಯಬೇಕು. ತಂತಿಯ ಅಂಗಿ ಹಾಕಿಕೊಂಡು, ಉಸಿರಾಟ ಕಾಣದಷ್ಟು ಸಣ್ಣದು ಮಾಡಿಕೊಂಡು, ಅವಳು ಇಪ್ಪತ್ತು ನಿಮಿಷ ಸೆಟ್ಟಿನಲ್ಲಿ ಮಲಗಬೇಕು. ಹೆಣವಾಗಿ.

ಆ ಭಾನುವಾರ ಬೆಳಿಗ್ಗೆ ಅವಳು ಹೊಸ್ತಿಲಲ್ಲಿ ಕೂತು ಇಂಚರಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮುಖ ಕಾಣದಿದ್ದರೆ ಕೇಳುವುದು ಸುಲಭ ಎಂದು ಹಾಗೆ ಕೂತಿದ್ದು. ಒಂದು ಸಲ, ಒಂದೇ ದೃಶ್ಯ, ಆಮೇಲೆ ಇಲ್ಲ ಎಂದಳು. ಹಳೆಯ ಮಾತಿನಿಂದ ತನ್ನನ್ನು ಈ ಒಂದು ಸಲ ಬಿಡಬೇಕೆಂದಳು.

"ಬ್ಯಾಡ."

"ಯಾಕ ಅಂತ ಕೇಳಂಗಿಲ್ಲೇನ?"

ಇಂಚರ ತಲೆ ಅಲ್ಲಾಡಿಸಲಿಲ್ಲ. ತಾಯಿಯ ಬೆರಳು ಕೂದಲಲ್ಲಿದ್ದವು. "ಕೇಳಿದ್ರ ಹೂಂ ಅನ್ಬೇಕಾಗ್ತೈತಿ. ಅದಕ್ಕ ಕೇಳಂಗಿಲ್ಲ."

ನೀಲಗಂಗಾ ಜಡೆ ಹೆಣೆದಳು. ಕಾರಣ ಹೇಳಿಬಿಡಬಹುದಿತ್ತು. ಮೂರು ವರ್ಷದೊಳಗೆ ನಿನ್ನ ತಾಯಿ ಸಾಯುತ್ತಾಳೆ ಎಂದು ಒಂದು ಯಂತ್ರ ಹೇಳುತ್ತಿದೆ ಮಗಾ, ಎಂದು ಯಾವ ಬಾಯಿಂದ ಹೇಳುವುದು. ಹೇಳಿದರೆ ಆ ಕೂಸು ಇನ್ನೆಷ್ಟು ಬೆಳಗಿನ ಜಾವ ಎದ್ದು ಬೆರಳಿಡಬೇಕು. ಅವಳು ಹೇಳಲಿಲ್ಲ. ರಿಬ್ಬನ್ ಕಟ್ಟಿ, ಆತು ಏಳು ಎಂದಳು.

ಸೋಮವಾರ ದೇಸಾಯರ ಮುಂದೆ ನಿಂತು ಭರಣಿಯ ಸಾವಿನ ದೃಶ್ಯ ಕೇಳಿದಳು. ನಿಜವಾದ ಕಾರಣ ಹೇಳಿದರೆ ಕಂಪನಿ ಬಾಗಿಲು ಮುಚ್ಚುತ್ತದೆ ಎಂದು ಜಬೀನ್ ಎಚ್ಚರಿಸಿದ್ದಳು. ಅದಕ್ಕೆ, ನಾನೂರು ಎಪಿಸೋಡ್ ಒಂದೇ ಮಾತು ಆಡಿದ್ದೇನೆ, ಒಂದಾದರೂ ಕ್ಲೋಸಪ್ ಕೊಡಿ ಎಂದು ಬೇಡಿದಳು. ದೇಸಾಯರಿಗೆ ಖುಷಿಯಾಯಿತು. ಗೋಡೆಯ ಫೋಟೋ ನೋಡಿದ ಜನ ಭರಣಿ ಹೇಗೆ ಸತ್ತಳು ಎಂದು ಕೇಳಿ ಕೇಳಿ ಚಾನೆಲ್ಲಿಗೆ ಬರೆದಿದ್ದರು. ಅವರೂ ಅದನ್ನೇ ಯೋಚಿಸುತ್ತಿದ್ದರಂತೆ. ಮೊನ್ನೆಯಷ್ಟೇ ಫೋಟೋ ತೆಗೀರಿ ಅಂತಿದ್ರಿ, ಈಗ ಸಾಯಾಕ ಮುಂದ ಬಂದೀರಿ ಎಂದು ನಕ್ಕರು. ಮುಂದಿನ ವಾರದ ಗುರುವಾರದ ಎಪಿಸೋಡಿಗೆ ನಂಬರ್ ಬಿತ್ತು.

ಅಳತೆಯ ದಿನ, ಬೇಕಿರದಿದ್ದರೂ ರೂಢಿಯಂತೆ, ಪರಪ್ಪ ಕಾಕಾ ಅವಳ ಮುಖಕ್ಕೆ ಬೂದು ಬಣ್ಣ ಹಚ್ಚಿದ. ಎಪ್ಪತ್ತು ದಾಟಿದ ಜೀವ, ಅವಳ ಅಜ್ಜಿಗೂ ಬಣ್ಣ ಹಚ್ಚಿದವನು. ನೀ ಇನ್ನ ಈ ಪಾತ್ರ ಮಾಡಂಗಿಲ್ಲ ಅಂದಿದ್ದೆಲ್ಲ ಎಂದಷ್ಟೇ ಕೇಳಿ ಬಣ್ಣ ಹಚ್ಚುವುದನ್ನು ಮುಂದುವರಿಸಿದ. ಅವಳು ನಿಯಂತ್ರಣ ಕೋಣೆಯ ನೆಲದ ಮೇಲೆ, ನಾಲ್ಕನೇ ಕುರ್ಚಿಯ ಬುಡದಲ್ಲಿ ಮಲಗಿದಳು. ಹಿಂದೆಲ್ಲ ಹೀಗೆ ಮಲಗಿದಾಗ ಅವಳು ಮನೆಯ ಸಾಮಾನಿನ ಪಟ್ಟಿ ಮಾಡುತ್ತಿದ್ದಳು; ಸಕ್ಕರೆ, ಸೋಪು, ಜೋಳ. ಈ ಸಲ ಪಟ್ಟಿ ನೆನಪಾಗಲಿಲ್ಲ. ನೆಲದ ತಂಪು ಬೆನ್ನಿಗೆ ಏರುತ್ತಿದ್ದರೆ, ಇದು ಅಭ್ಯಾಸ ಎನಿಸಿತು.

ಮುಗಿದ ಮೇಲೆ ಅಳತೆಗೆ ಬಂದಿದ್ದ ತಂತ್ರಜ್ಞರು ವೈರು ಸುತ್ತತೊಡಗಿದರು. ಕ್ಯಾಮೆರಾ ಇರಲೇ ಇಲ್ಲ. ಅಳತೆಗೆ ಕ್ಯಾಮೆರಾ ಯಾಕೆ. ಪರಪ್ಪ ಬಾಗಿಲಿಗೆ ಅಡ್ಡ ನಿಂತ. ನಗೋದು ಆಗಲಿ, ಆಮ್ಯಾಲ ಹೋಗ್ರಿ ಎಂದ. ಅವರು ನಗಾಡಿದರು, ಇದು ಶಾಟ್ ಅಲ್ಲ ಕಾಕಾ ಎಂದರು. ಅವನು ಅಲುಗಲಿಲ್ಲ. ಕೊನೆಗೆ ತನ್ನ ಫೋನನ್ನೇ ಎತ್ತಿ ಹಿಡಿದ. ನೀಲಗಂಗಾ ಎದ್ದು ಕೂತು ತುಟಿ ಅಗಲಿಸಿದಳು. ಅದು ನಗುವಾಗಿರಲಿಲ್ಲ, ಅವನಿಗೂ ಗೊತ್ತಾಯಿತು. ಸಾಕು ಬಿಡವಾ ಎಂದು ಫೋನು ಕಿಸೆಗಿಟ್ಟ.

ಮರುದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಜಬೀನ್ ಸೂತ್ರಧಾರನನ್ನು ಓಡಿಸಿದಳು.

ಪರದೆಯ ತುಂಬ ನೀಲಗಂಗಾಳ ಮುಖ. ಮೂಲೆಯಲ್ಲಿ ದಿನಗಳು ಓಡುತ್ತಿದ್ದವು. ಭರಣಿ ಕೂತಳು, ಎದ್ದಳು, ಕೂತಳು. ಹಗಲುಗಳು ಸೀರೆಯ ನೆರಿಗೆಯಂತೆ ಒಂದರ ಮೇಲೊಂದು ಬಿದ್ದವು. ಒಂದು ವರ್ಷ ಹೋಯಿತು. ಎರಡು ಹೋಯಿತು. ಎರಡು ವರ್ಷ ಎರಡು ತಿಂಗಳಿಗೆ ಜಬೀನ್ ವೇಗ ಇಳಿಸಿದಳು. ಭರಣಿಯ ಬಲಗಣ್ಣಿನ ರೆಪ್ಪೆ ಒಂಚೂರು ಜಾರಿತ್ತು. ನಿದ್ದೆಗೆಟ್ಟವರ ಹಾಗೆ. ಮರುದಿನ ಇನ್ನೊಂಚೂರು. ಅವಳು ಪರದೆ ನೋಡಲು ತಲೆ ಓರೆ ಮಾಡುತ್ತಿದ್ದಳು. ಅಕ್ಕಪಕ್ಕದ ಕುರ್ಚಿಯವರು ಯಾರೂ ಅದನ್ನು ನೋಡಲಿಲ್ಲ. ಅವರು ಪರದೆ ನೋಡುವಂತೆ ಬರೆದ ಪಾತ್ರಗಳು.

ಹನ್ನೊಂದನೇ ದಿನ ಭರಣಿಯ ಕೈ ಮೇಲೆದ್ದಿತು. ಎದೆಗೆ ಹೋಗುತ್ತದೆ ಎಂದುಕೊಂಡಿದ್ದಳು ನೀಲಗಂಗಾ. ಎದೆಗೆ ಹೋಗಲಿಲ್ಲ. ತಲೆಯ ಹಿಂಬದಿಗೆ, ಕತ್ತು ಸೇರುವ ಕಡೆ ಹೋಯಿತು, ಯಾರೋ ಅಲ್ಲಿ ಹೊಡೆದಿದ್ದಾರೇನೋ ಎನ್ನುವಂತೆ. ಬಾಯಿ ತೆರೆಯಿತು. ಅವಳ ಮಾತು ಬರಬೇಕಿತ್ತು. ತುಟಿ ಆ ಮಾತಿನ ಆಕಾರಕ್ಕೆ ತಿರುಗಿತು, ದನಿ ಬರಲಿಲ್ಲ. ಆಮೇಲೆ ಕುರ್ಚಿಯಿಂದ ಜಾರಿ, ನಿನ್ನೆ ನೀಲಗಂಗಾ ಮಲಗಿದ್ದ ಜಾಗದಲ್ಲೇ, ಅದೇ ಭಂಗಿಯಲ್ಲಿ ಮಲಗಿದಳು.

ನೀಲಗಂಗಾ ಕಾದಳು. ತಾನು ಕಾಯುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಅವಳು ಮಾಡಿದ ಹೆಣಗಳೆಲ್ಲ ಎದ್ದಿದ್ದವು. ಎದ್ದು, ಕೂದಲು ಸರಿಮಾಡಿಕೊಂಡು, ನಕ್ಕಿದ್ದವು. ಇದು ಏಳಲಿಲ್ಲ. ಮೂಲೆಯಲ್ಲಿ ಕ್ಷಣಗಳು ಓಡುತ್ತಲೇ ಇದ್ದವು, ಮುಖ ಹಾಗೇ ಇತ್ತು. ಜಬೀನ್ ನಿಲ್ಲಿಸುವ ಗುಂಡಿ ಒತ್ತಿದ ಮೇಲೂ ನೀಲಗಂಗಾ ನೋಡುತ್ತಲೇ ಇದ್ದಳು.

ಡಾಕ್ಟರ್ ಹೊಸಮನಿಯವರಿಗೆ ಅವಳು ಕಂಡದ್ದನ್ನು ಕಂಡಂತೆ ಹೇಳಿದಳು: ಬಲಗಣ್ಣಿನ ರೆಪ್ಪೆ ಜಾರುತ್ತದೆ, ಒಂದು ಎರಡಾಗಿ ಕಾಣುವುದೋ ಏನೋ ತಲೆ ಓರೆ ಮಾಡಬೇಕಾಗುತ್ತದೆ, ಹನ್ನೊಂದು ದಿನಕ್ಕೆ ತಲೆಯ ಹಿಂದೆ ಹೊಡೆತದಂಥ ನೋವು. ಅವರು ಬರೆದುಕೊಳ್ಳುತ್ತಿದ್ದರು. ಯಾವಾಗಿನಿಂದ ಎಂದು ಕೇಳಿದರು.

"ಇನ್ನೂ ಆಗಿಲ್ರಿ. ಎರಡು ವರ್ಷ ಎರಡು ತಿಂಗಳಿಗೆ ಆಗ್ತೈತಿ."

ಅವರು ಪೆನ್ನು ಕೆಳಗಿಟ್ಟರು. ಅವಳು ಎಲ್ಲವನ್ನೂ ಹೇಳಿದಳು. ಅವರು ನಂಬಿದರೋ, ಅವಳ ಮುಖ ನೋಡಿ ಸುಮ್ಮನಾದರೋ, ಮಿದುಳಿನ ರಕ್ತನಾಳಗಳ ಚಿತ್ರ ತೆಗೆಸಲು ಬರೆದುಕೊಟ್ಟರು. ಚಿತ್ರ ಮರುದಿನವೇ ಬಂತು. ಬಲಗಣ್ಣಿನ ಹಿಂದೆ, ನಾಳ ಕವಲೊಡೆಯುವ ಕಡೆ ಒಂದು ಉಬ್ಬು. ಮೆಂತ್ಯದ ಕಾಳಿನಷ್ಟು. ಗೋಡೆ ತೆಳ್ಳಗಾಗಿ ಬಲೂನಿನಂತೆ ಉಬ್ಬಿದೆ, ಹೆಚ್ಚುಕಡಿಮೆ ಒಡೆಯುವತನಕ ಏನೂ ಗೊತ್ತಾಗುವುದಿಲ್ಲ, ಒಡೆದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ ಎಂದು ಶಸ್ತ್ರಚಿಕಿತ್ಸಕರು ವಿವರಿಸಿದರು. ಇನ್ನೂ ಎರಡು ವರ್ಷ ಇದೆಯಲ್ಲ ಎಂದಳು. ಅದು ಕ್ಯಾಲೆಂಡರ್ ನೋಡಿ ಒಡೆಯುವುದಿಲ್ಲ ಎಂದರು. ತಲೆಬುರುಡೆ ತೆರೆದು ಅದರ ಕುತ್ತಿಗೆಗೆ ಒಂದು ಸಣ್ಣ ಕ್ಲಿಪ್ ಹಾಕಬೇಕು. ನೂರರಲ್ಲಿ ನಾಲ್ಕೈದು ಜನಕ್ಕೆ ಕೆಡುಕಾಗುವುದೂ ಉಂಟು. ಬರುವ ಗುರುವಾರ ಜಾಗ ಖಾಲಿಯಿದೆ; ಅದು ತಪ್ಪಿದರೆ ಎರಡು ತಿಂಗಳು.

ಗುರುವಾರ ಎಂದಾಗ ಅವಳು ದೇಸಾಯರ ಬಳಿ ಓಡಿದಳು. ಎಪಿಸೋಡನ್ನು ಒಂದು ವಾರ ಮುಂದೆ ಹಾಕಿ, ಮಗಳು ನೋಡುವಾಗ ತಾನು ಪಕ್ಕದಲ್ಲಿರಬೇಕು ಎಂದಳು. ಆಪರೇಷನ್ ವಿಷಯ ಕೇಳಿ ಅವರ ಮುಖ ಇಳಿಯಿತು. ಆದರೆ ಪ್ರೋಮೋ ಆಗಲೇ ಹೋಗಿತ್ತು, ಭರಣಿಯ ಅಂತ್ಯ ಗುರುವಾರ ಎಂದು ಊರೆಲ್ಲ ಗೊತ್ತು. ನನ್ನ ಕೈಯಾಗ ಇಲ್ಲರೀ ಎಂದರು, ಅದು ನಿಜವೂ ಆಗಿತ್ತು.

ಇಂಚರಳಿಗೆ ಅವಳು ಹೇಳಿದ್ದು ತಲೆಯಲ್ಲಿ ಒಂದು ಗಂಟಿದೆ, ತೆಗೆಯುತ್ತಾರೆ ಎಂದಷ್ಟೇ. ಗುರುವಾರ ಟೀವಿ ನೋಡಬೇಡ ಎಂದು ಹೇಳಬೇಕೆಂದುಕೊಂಡಳು. ಹೇಳಿದರೆ ನೋಡಿಯೇ ನೋಡುತ್ತಾಳೆ ಎಂದು ಬಿಟ್ಟಳು.

ಮಧ್ಯಾಹ್ನ ಒಂದಕ್ಕೆ ಒಳಗೆ ಕರೆದುಕೊಂಡು ಹೋದರು. ಜಬೀನ್ ರಜೆ ಹಾಕಿ ಬಂದಿದ್ದಳು. ನಾಲ್ಕಕ್ಕೆ ಮುಗಿಯಬೇಕಿತ್ತು, ಐದಾಯಿತು, ಆರಾಯಿತು, ಬಾಗಿಲ ಮೇಲಿನ ಕೆಂಪು ದೀಪ ಆರಲಿಲ್ಲ. ಕಾಯುವವರ ಹಾಲಿನಲ್ಲಿ ಗೋಡೆಗೆ ಒಂದು ಟೀವಿ ಇತ್ತು. ಹತ್ತಿಪ್ಪತ್ತು ಜನ, ಯಾರ ಯಾರದೋ ಅಣ್ಣ, ಅತ್ತೆ, ಗಂಡ ಒಳಗಿದ್ದವರು, ಬುತ್ತಿ ಬಿಚ್ಚಿಕೊಂಡು ಅದನ್ನೇ ನೋಡುತ್ತಿದ್ದರು. ಆರೂವರೆಗೆ 'ಏಳನೇ ಕಕ್ಷೆ' ಶುರುವಾಯಿತು. ಜಬೀನ್ ಆರಿಸಲು ಎದ್ದಳು.

ಇಂಚರ ಅವಳ ಶಾಲು ಹಿಡಿದಳು. "ಬಿಡ್ರಿ ಅಕ್ಕಾ. ನೋಡ್ತೀನಿ ನಾ."

ಎಲ್ಲ ಬಂತು. ಜಾರಿದ ರೆಪ್ಪೆ, ಓರೆ ತಲೆ, ಕತ್ತಿನ ಹಿಂದೆ ಹೋದ ಕೈ, ದನಿ ಬರದ ಬಾಯಿ. ದೇಸಾಯರು ಅದರ ಕೆಳಗೆ ಒಂದು ಕೊಳಲು ಹಾಕಿಸಿದ್ದರು. ಮುಂದೆ ಕೂತಿದ್ದ ಹೆಂಗಸು ಸೆರಗು ಕಣ್ಣಿಗೊತ್ತಿ, ಪಾಪ, ಸಂಪರ್ಕ ಕಡಿತದಾಕಿ ಹೋದ್ಲು ನೋಡು ಎಂದು ಪಕ್ಕದವಳಿಗೆ ಹೇಳಿದಳು. ಇನ್ನೊಬ್ಬಳು, ಕೂಸುಗೀಸು ಇದ್ದವೋ ಏನೋ ಆಕಿಗೆ ಎಂದಳು. ಇಂಚರ ಕಣ್ಣು ಮಿಟುಕಿಸದೆ ನೋಡಿದಳು. ಪರದೆಯ ಮೇಲೆ ಅವಳ ತಾಯಿ ನೆಲದ ಮೇಲಿದ್ದಳು. ಗೋಡೆಯ ಆಚೆ ಅವಳ ತಾಯಿ ಮೇಜಿನ ಮೇಲಿದ್ದಳು. ಎರಡರಲ್ಲಿ ಯಾವುದು ಮೊದಲು ಏಳುತ್ತದೆಂದು ಯಾರೂ ಹೇಳುವವರಿರಲಿಲ್ಲ. ಆಗ ಜಬೀನ್ ತಾನು ಹೇಳಬಾರದೆಂದುಕೊಂಡಿದ್ದನ್ನೆಲ್ಲ ಅವಳ ಕಿವಿಯಲ್ಲಿ ಹೇಳಿದಳು. ಖಾಲಿ ಕುರ್ಚಿಯಿಂದ ಹಿಡಿದು ಮೆಂತ್ಯದ ಕಾಳಿನತನಕ. ಇಂಚರ ಕೇಳಿಸಿಕೊಂಡಳು. ಕೈ ಮಾತ್ರ ಶಾಲಿನ ಅಂಚನ್ನು ಬಿಡಲಿಲ್ಲ.

ಏಳೂ ಕಾಲಿಗೆ ಕೆಂಪು ದೀಪ ಆರಿತು. ಒಳಗೆ ರಕ್ತ ಹರಿದು ತಡವಾಯಿತು, ಕ್ಲಿಪ್ ಕೂತಿದೆ, ಎಚ್ಚರವಾದ ಮೇಲೆ ನೋಡೋಣ ಎಂದರು.

ಎಚ್ಚರವಾದದ್ದು ಶನಿವಾರ ಬೆಳಿಗ್ಗೆ. ನೀಲಗಂಗಾ ಕಣ್ಣು ತೆರೆದಾಗ ತಲೆಗೆಲ್ಲ ಬಟ್ಟೆ ಸುತ್ತಿತ್ತು, ಬಾಯಿ ಒಣಗಿತ್ತು. ನರ್ಸ್ ಹೆಸರು ಕೇಳಿದಳು, ನೀಲಗಂಗಾ ಸರಿಯಾಗಿ ಹೇಳಿದಳು. ಬೆರಳು ಎಷ್ಟು ಎಂದು ಕೇಳಿದಾಗ ಎರಡು ಎಂದಳು. ಆಮೇಲೆ ಇಂಚರಳನ್ನು ಒಳಗೆ ಬಿಟ್ಟರು. ಅವಳು ಮಂಚಕ್ಕೆ ಎರಡು ಹೆಜ್ಜೆ ದೂರ ನಿಂತಳು, ಹ್ಯಾಂಡ್‌ಬ್ಯಾಗಿನ ಹಾಗೆ ತಾಯಿಯ ಚಪ್ಪಲಿಯನ್ನು ಎದೆಗವಚಿಕೊಂಡು.

"ನೋಡಿದೇನ?" ಎಂದಳು ನೀಲಗಂಗಾ.

"ಹೂಂ."

ಮಂಚದ ಪಕ್ಕದ ಯಂತ್ರ ನಾಡಿ ಬರೆಯುತ್ತಿತ್ತು.

"ಈಗ ಆ ಮಷೀನಿನ್ಯಾಗ ಹತ್ತು ವರ್ಷ ಆದ ಮ್ಯಾಲ ನೀ ಇರ್ತೀ?"

"ಗೊತ್ತಿಲ್ಲ. ಕೇಳಿಲ್ಲ."

"ಕೇಳಬ್ಯಾಡ," ಎಂದಳು ಇಂಚರ. ಆಮೇಲೆ ನೆಲ ನೋಡುತ್ತ, "ಜಬೀನಕ್ಕ ಎಲ್ಲಾ ಹೇಳ್ಯಾಳ. ಆದ್ರೂ ನೀ ಮಾತು ಕೊಟ್ಟಿದ್ದಿ," ಎಂದಳು.

ನೀಲಗಂಗಾ ಹೌದೆಂದಳು. ಹೆಣವಾಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಆದಳು. ಮಾತು ಮುರಿಯಿತು.